ಓರೆ ಜೀನು

ಮುಟ್ಟಬ್ಯಾಡ ಇನ್ನಾ, ದುಂಡಪ್ಪ. ಮೊದಲ ಮೂಸು.
ಬೂಷ್ಟು ನಾತ ಬಂದ್ರ ಗೋದಾಮಿನ್ಯಾಗ ಮಲಗಿದ್ದು.
ಬೆವರು ನೂರು ವರ್ಷ ನಿಲ್ಲೂದಿಲ್ಲ.
ಚಾದ ಡಿಕಾಕ್ಷನ್ ನಾತ ಬಂದ್ರ
ಹೋದ ತಿಂಗಳ ಯಾರೋ ಕುದಿಸಿ ಹಚ್ಚಿ
ಹಳೇದು ಮಾಡ್ಯಾರ.

ಮನಾಮಾ ಸೂಕಿನ ಹಾಜಿ ಮಿರ್ಜಾ ಕಳಸಿದ್ದು ಇದು,
ಪಿಕಪ್ಪಿನ್ಯಾಗ ಖರ್ಜೂರದ ಪೆಟ್ಟಿಗಿ ಮ್ಯಾಲ ಕೂತು
ರಿಫಾಕ್ಕ ಬಂತು, ಅದೂ ಒಂದ ಕಡೆ ವಾಲಿ.
ರಾಣಿ ಕೂತದ್ದು, ನಾನೂರು ದಿನಾರ, ಅಂತಾನ.
ಎಲ್ಲಾ ಹಳೇ ಜೀನಿನ ಮ್ಯಾಲೂ ಒಬ್ಬ ರಾಣಿ ಕೂತಿರ್ತಾಳ
ಮಾರೋ ದಿನ.

ಎಡಕ್ಕ ಬಾ. ಎರಡು ಕೊಂಬು ಕಾಣ್ತಾವು?
ಮ್ಯಾಲಿಂದು ಬಲಗಾಲು ದಾಟಿಸಿ ಇಡಾಕ, ಅದು ಅಲುಗಬಾರದು.
ಕೆಳಗಿಂದು ಬಾಗಿದ್ದು, ಎಡತೊಡಿ ಒತ್ತಿ ಹಿಡಿಯಾಕ.
ಅದರ ತಿರುಪು ಉಲ್ಟಾ. ಎಡಕ್ಕ ತಿರುವಿದ್ರ ಬಿಗಿ,
ಬಲಕ್ಕ ತಿರುವಿದ್ರ ಕೈಗೆ ಬರತೈತಿ.
ಮೊದಲ ವಾರ ನಾನೂ ಒಂದು ಮುರದೀನಿ.
ಕೆಳಗಿನ ಕೊಂಬ ಇಲ್ಲದ್ದು ಎಲ್ಲ್ಯಾರ ಕಂಡ್ರ
ನನ್ನ ಎಬ್ಬಸು, ನಡುರಾತ್ರಿ ಆದ್ರೂ.
ಅದು ಭಾಳ ಹಳೇದು,
ಹೆಂಗಸರು ಬೀಳೂದು ಸಹಜ ಅಂತ ತಿಳದಿದ್ದ ಕಾಲದ್ದು.

ಕೂರೂ ಜಾಗ ತಗ್ಗಿದ್ರ ಗೋಡಿಗೆ ತೂಗಹಾಕಾವ್ರು ಒಯ್ತಾರ.
ಸಪಾಟಿದ್ರ ಏರಾವ್ರು. ಏರಾವ್ರು ಹೆಚ್ಚು ಕೊಡ್ತಾರ.
ಇದು ಸಪಾಟ.
ಹಿಂದ ಮುಂದ ಹಿಡದು ಎದಿಗೆ ಒತ್ತು. ಕಿವಿಗೊಡು.
ಕಿರ್ ಅಂದ್ರ ಒಳಗಿನ ಕಟ್ಟಿಗಿ ಸೀಳೈತಿ,
ಆಗ ರಾಣಿ ಇರಲಿ ದೇವರ ಇರಲಿ, ಆರು ದಿನಾರ.
ಅನ್ನಲಿಲ್ಲ? ಛಲೋ.

ಮಾಡಿದಾವ್ನ ಹೆಸರಿನ ಪಟ್ಟಿ ಹೋಗೈತಿ, ಎರಡು ಮೊಳಿ ಉಳದಾವು.
ಅಥಣ್ಯಾಗ ನಮ್ಮಜ್ಜ ಚಪ್ಪಲಿನ ಅಟ್ಟಿಗೆ
ಒಳಗಿನ ಮೈಯಾಗ ಒಂದು ಅಡ್ಡಗೀರು ಹೊಡೀತಿದ್ದ.
ಅದ ಅವನ ಸಹಿ. ನಡೆಯಾವ್ರಿಗೆ ಗೊತ್ತಿಲ್ಲ.
ಹೊಲಿಗಿ ಎಣಸು: ಇಂಚಿಗೆ ಹನ್ನೆರಡು, ಸಣಬಿನ ದಾರ,
ಒಂದು ಗೇಣು ಹೋದ ಮ್ಯಾಲ, ನೋಡು,
ದಪ್ಪ ದಾರ, ಸೊಟ್ಟ ಕೈ.
ಅದು ಬಲಿ ನೇಯೂ ದಾರ. ಮುಹರಕ್ಕಿನ ಯಾವನೋ ಮೀನುಗಾರ
ಜೀನು ಅಂದ್ರ ಏನಂತ ಗೊತ್ತಿಲ್ಲದ
ಜೀನು ರಿಪೇರಿ ಮಾಡ್ಯಾನ. ಬಿಚ್ಚಬ್ಯಾಡ.
ಉಪ್ಪು ಕುಡದ ದಾರ ನಮ್ಮಕ್ಕಿಂತ ಬಾಳತೈತಿ.

ಈಗ ಕೈ ಇಡು, ಕಣ್ಣು ಮುಚ್ಚು.
ಬಲಗಡೆ ಚರ್ಮ ಹೊಸಾದು ಇದ್ದಂಗ ಐತಿ. ಎಡಗಡೆ
ಕುಳಿ. ಅಕಿ ವಾಲಿ ಕೂರತಿದ್ಲು,
ದಿನಾ ಅಷ್ಟ. ಯಾರೂ ತಿದ್ದಲಿಲ್ಲ.

ನಿಮ್ಮತ್ತಿ ಚಂಪವ್ವ ಲೂನಾದ ಹಿಂದ
ಹತ್ತೊಂಬತ್ತ ವರ್ಷ ಹಿಂಗ ಕೂತಾಕಿ.
ಎರಡೂ ಕಾಲು ಎಡಕ್ಕ, ತೊಡಿ ಮ್ಯಾಲ ಚಪ್ಪಲಿನ ಗಂಟು,
ಅಥಣಿಯಿಂದ ಮಿರಜ ತನಕ.
ಕೊಂಬಿಲ್ಲ, ರಿಕಾಪಿಲ್ಲ. ನನ್ನ ಹೆಗಲ ಐತಲ್ಲ ಅಂದ್ರ
ಮಂದಿ ನೋಡ್ತಾರ ಅಂತಿದ್ಲು.
ಕಾಗವಾಡ ದಾಟಿದ ಮ್ಯಾಲ
ಹಿಡೀತಿದ್ಲು.

ಇಲ್ಲಿಗೆ ಬರೂ ಮುಂದ ಆ ಲೂನಾ ಗುಜರಿಗೆ ಹಾಕಿದೆ.
ರೆಕ್ಸಿನ್ ಎಡಗಡೆ ಸವದು ಸ್ಪಂಜು ಹೊರಗ ಬಂದಿತ್ತು.
ಅಂವ ಸೀಟು ಕಿತ್ತು ಒಗದು
ಕಬ್ಬಿಣಷ್ಟ ತೂಗಿದ.
ನಾ ರೊಕ್ಕ ಎಣಸ್ಕೋತ ನಿಂತಿದ್ದೆ, ದುಂಡಪ್ಪ,
ತಿರುಗಿ ನೋಡಲಿಲ್ಲ.

ಇರಲಿ. ಎಸಿ ಸಣ್ಣ ಮಾಡು, ಚರ್ಮ ಒಣಗತೈತಿ.
ಇಶಾ ನಮಾಜ ಆದ ಮ್ಯಾಲ ಬದ್ರಿಯಾ ಬರ್ತಾಳ,
ತೊಡಿ ಅಳತಿ ಫೋನಿಗೆ ಕಳಸ್ಯಾಳ. ಅರ್ಧ ಇಂಚು ಸಾಲೂದಿಲ್ಲ,
ಕೂತು ನೋಡಲಿ.
ಚೀಟಿಗೆ ಬರಿ: ನೂರಾ ಎಂಬತ್ತು.
ಹಾಜಿ ಚೀರ್ತಾನ, ಚೀರಲಿ.
ಆ ಕುಳಿ ಯಾಕ ತುಂಬಲಿಲ್ಲ ಅಂತ ಅಕಿ ಕೇಳಿದ್ರ
ಅದು ಲೆಕ್ಕದಾಗ ಇಲ್ರಿ ಅನ್ನು,
ಪುಕ್ಕಟೆ ಅನ್ನು.

ಸಾಬೂನು ಕೊಡಿಲ್ಲೆ.