ಒಂದು ಕೊಂಬಿನಷ್ಟು

ಬುಧವಾರ ಬೋರ್ಡು ಕೂರುವ ದಿನ.
ಹತ್ತೂವರೆಗೆ ಬನ್ನಿ ಎಂದಿದ್ದೆ; ಎಂಟಕ್ಕೇ ಬಂದು
ದೊಡ್ಡಾಸ್ಪತ್ರೆಯ ಗೇಟಿನ ಬೇವಿನಡಿ ನಿಂತಿದ್ದರು
ಅಕ್ಕ ತಮ್ಮ.
ಮುನೀರಾಳ ಬುರ್ಖಾದ ಅಂಚಿಗೆ ಮಂಡಕ್ಕಿ ಭಟ್ಟಿಯ ಬೂದಿ.
ಚಮನ್‌ಸಾಬ್ ಮಾತ್ರ ಮದುವಣಿಗ:
ನುಣ್ಣಗೆ ಬೋಳಿಸಿದ ಗಡ್ಡ,
ಇಸ್ತ್ರಿಯ ಗೆರೆ ಮುರಿಯದ ಅಂಗಿ,
ಜೇಬಿನಲ್ಲೊಂದು ಪೆನ್ನು.

ಎದೆ ಧಸಕ್ಕೆಂದಿತು.
ಇಷ್ಟು ಚಂದ ಬಂದರೆ ಹೇಗೋ ಮಾರಾಯ
ನಲವತ್ತು ದಾಟುವುದು?

ಶೇಕಡಾ ನಲವತ್ತು.
ಆಚೆಗೆ ಕಾರ್ಡು, ಪಿಂಚಣಿ, ಬಸ್ಸಿನ ಪಾಸು.
ಮೂವತ್ತೊಂಬತ್ತಕ್ಕೆ:
ಗಟ್ಟಿಮುಟ್ಟಾಗಿದ್ದಾನೆ, ದುಡಿದು ತಿನ್ನಲಿ.

ನನ್ನ ಕೆಲಸಕ್ಕೆ ಊರಲ್ಲಿ ಸರಿಯಾದ ಹೆಸರಿಲ್ಲ.
ಭಟ್ಟಿಯ ಸಾಲಿನಲ್ಲಿ ನಾನು ಗುಳಿಗೆ ಅಕ್ಕ,
ಕಚೇರಿಯಲ್ಲಿ ‘ಮತ್ತೆ ಬಂದ್ಲು ನೋಡು’.
ಸ್ಕೂಟಿಯ ಡಿಕ್ಕಿಯಲ್ಲಿ ಇಪ್ಪತ್ತಾರು ಫೈಲು;
ಒಂದೊಂದಕ್ಕೂ ಒಂದು ರಬ್ಬರ್ ಬ್ಯಾಂಡು.

ನಾಲ್ಕು ವರ್ಷದ ಹಿಂದೆ ಇವನು
ಬಾಣಲೆಯ ಸದ್ದಿಗೇ ಹೇಳುತ್ತಿದ್ದನಂತೆ
ಮರಳು ಕಾದಿದೆಯೋ ಇಲ್ಲವೋ.
ಅಕ್ಕಿ ಬೀಳಬೇಕು, ಅರಳಬೇಕು,
ಸೀಯುವ ಮುಂಚೆ ಜರಡಿಗೆ ಸುರಿಯಬೇಕು,
ರೆಪ್ಪೆ ಬಡಿಯುವಷ್ಟೇ ಹೊತ್ತು.
ಕೆಳಗಿಳಿದ ಮರಳು ಮತ್ತೆ ಬಾಣಲೆಗೆ ಮರಳಬೇಕು.
ಒಂದು ರಾತ್ರಿ ಆ ಮರಳು ಮಾತಾಡಿತು.
ಹೆಸರು ಹಿಡಿದು ಕರೆಯಿತು, ಬೈಯಿತು,
ಅಕ್ಕ ಅನ್ನಕ್ಕೆ ಏನೋ ಬೆರೆಸಿದ್ದಾಳೆ ಎಂದಿತು.
ಜನ ಅಂದರು: ಮರುಳು.

ಮರಳು. ಮರುಳು.
ಒಂದು ಕೊಂಬಿನಷ್ಟೇ ದೂರ.
ತಾಲ್ಲೂಕು ಕಚೇರಿಯ ಮರದಡಿ ಅರ್ಜಿ ಬರೆದವನು
ಆ ಕೊಂಬನ್ನೂ ಮರೆತಿದ್ದ:
‘ಸದರಿಯವರಿಗೆ ನಾಲ್ಕು ವರ್ಷದಿಂದ ಮರಳು ಇರುತ್ತದೆ.’
ನಾನು ತಿದ್ದಲಿಲ್ಲ.

ಒಳಗೆ, ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು
ಅವನ ಕೆಟ್ಟ ದಿನಗಳನ್ನು ಒಂದೊಂದೇ ಬಿಚ್ಚಿಟ್ಟೆ,
ಗಿರವಿ ಅಂಗಡಿಯ ಗಾಜಿನ ಮೇಲೆ ಒಡವೆ ಇಟ್ಟಂತೆ,
ತೂಕ ಹೆಚ್ಚು ಬರಲಿ ಎಂದು ಒಳಗೊಳಗೇ ಬೇಡುತ್ತ.
ಎಂಟೆಂಟು ದಿನ ಸ್ನಾನ ಮಾಡಲ್ಲ ಸರ್.
‘ಆರು’ ಎಂದ ಚಮನ್‌ಸಾಬ್.
‘ಎಂಟಲ್ರೀ ಮೇಡಂ, ಆರೇ ದಿನ. ಸುಳ್ಳು ಬ್ಯಾಡ.’
ಡಾಕ್ಟರು ನಕ್ಕರು. ಒಳ್ಳೆಯವರೇ.
ಕೆಲಸ ಏನಪ್ಪಾ?
‘ಭಟ್ಟಿ ಕೆಲಸ ಮಾಡ್ತೀನ್ರಿ.’
ಮಾಡ್ತಿದ್ದೆ, ಚಮನ್, ಮಾಡ್ತಿದ್ದೆ ಅನ್ನು!
ಅಷ್ಟರಲ್ಲಿ ಪೆನ್ನು ಓಡಿಯಾಗಿತ್ತು.
ಹಳೇ ಚೀಟಿಗಳನ್ನೆಲ್ಲ ತಗೊಂಡು
ಮುಂದಿನ ಬುಧವಾರ ಬನ್ನಿ.

ಹೊರಗೆ ಮುನೀರಾಳನ್ನು ಕಂಬದ ಮರೆಗೆ ಕರೆದೆ.
ಈ ಸಲ ಗಡ್ಡ... ಹಾಗೇ ಇರಲಿ.
ಅವಳು ನನ್ನನ್ನೇ ನೋಡಿದಳು.
‘ಒಂದೂವರೆ ತಾಸು ಹಿಡೀತು ಮೇಡಂ ಅವನಿಗೆ.
ಕೈ ನಡುಗೋದು. ನಾನು ಮಾಡ್ತೀನಿ ಅಂದ್ರೂ ಕೊಡ್ಲಿಲ್ಲ.
ನೀವೇ ಅಲ್ವಾ ದಿನಾ ಹೇಳ್ತಿದ್ದೋರು?’

ನಾನೇ. ಆಷಾಢದಿಂದ ನಾನೇ.
ಚಮನ್, ಸ್ನಾನ. ಚಮನ್, ಗಡ್ಡ. ಚಮನ್, ಒಗೆದ ಅಂಗಿ.
ಫೈಲಿನಲ್ಲಿ ನನ್ನದೇ ಕೈಯ ಸರಿ ಗುರುತುಗಳು,
ಹಸಿರು ಶಾಯಿಯಲ್ಲಿ.

ಮುಂದಿನ ಬುಧವಾರ ಅದೇ ಬೇವು.
ಗಡ್ಡ ಮತ್ತೂ ನುಣ್ಣಗೆ, ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ.
ಕೈಯಲ್ಲಿ ನ್ಯೂಸ್‌ಪೇಪರಿನ ಪೊಟ್ಟಣ.
‘ಡಾಕ್ಟ್ರಿಗೆ. ನಿನ್ನೆ ರಾತ್ರಿ ಹೋಗಿದ್ದೆ ಭಟ್ಟಿಗೆ.
ಅರ್ಧ ಸೀದೋದ್ವು ಮೇಡಂ,
ಮರಳು ಏನೋ ಅಂತಿತ್ತು, ಕೇಳ್ಕೋತ ನಿಂತ್ಬಿಟ್ಟೆ.’

ಬಿಚ್ಚಿದೆ. ಕರಿ, ಬಿಳಿ, ಕಂದು,
ಅರಳಿದ್ದು, ಅರಳದ್ದು, ಇದ್ದಿಲಾದದ್ದು.
ಇಂಥದ್ದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.
ಹಳೇ ಚೀಟಿಗಳ ಮೇಲೆ ಪೊಟ್ಟಣವನ್ನಿಟ್ಟು
ರಬ್ಬರ್ ಬ್ಯಾಂಡು ಹಾಕಿದೆ.
ನಮ್ಮ ನಂಬರು ಕೂಗಿದರು.
ಏಳುವ ಮೊದಲು ಒಂದು ಕಾಳು ಬಾಯಿಗೆ ಹಾಕಿಕೊಂಡೆ.

ಉಪ್ಪು ಸರಿಯಾಗಿತ್ತು.