ಕೆಂಪು ನೂಲು

ಗರಗಸ ಕೆಳಗಿಡು, ರೋಸೆಂದೋ. ಮೊದಲು ನೋಡು.
ರಿಯೋ ಗ್ರಾಂಡೆಯ ಒಣ ಮರಳನ್ನೆಲ್ಲ ತಂದು
ಫೆಬ್ರವರಿ ಗಾಳಿ ಹಲ್ಲಿನ ಸಂದಿಗೆ ತುಂಬುವ ಹೊತ್ತಿಗೇ
ಮಿಂಬ್ರೆಯನ್ನು ಸವರಬೇಕು.
ಎಲೆಯಿಲ್ಲ, ಗುಟ್ಟಿಲ್ಲ. ಎಲುಬೆಲ್ಲ ಎದುರಿಗೆ.

ಸತ್ತಿದೆ, ಕಿತ್ತು ಬಿಸಾಡು ಅನ್ನುತ್ತಾಳೆ ನಿನ್ನಮ್ಮ,
ಪ್ರತಿ ಏಪ್ರಿಲ್ಲಿನಲ್ಲೂ.
ಪೀಚ್ ಗಿಡ ಹೂಬಿಟ್ಟು, ಉದುರಿಸಿ, ಕಾಯಿ ಕಚ್ಚಿದರೂ
ಇದಕ್ಕಿನ್ನೂ ನಿದ್ದೆ.
ತಡವಾಗಿ ಏಳುವವರನ್ನು ಹೂಳಲು ಹೋಗಬಾರದು.
ಉಗುರಲ್ಲಿ ಕೆರೆ. ಕಂಡಿತೇ ಹಸಿರು?

ಬೀಜ ತಂದವಳು ನಾನು, ಒಣಹಳ್ಳದ ದಂಡೆಯಿಂದ,
ಸ್ಕೂಲ್ ಬಸ್ಸನ್ನು ದಾರಿಯಲ್ಲೇ ನಿಲ್ಲಿಸಿ;
ಹದಿನಾಲ್ಕು ಮಕ್ಕಳು ಕಿಟಕಿಗೆ ಮೂಗೊತ್ತಿಕೊಂಡಿದ್ದರು.
ಕೋಲಿನಂಥ ಕಾಯಿ ಸೀಳಿದರೆ ಒಳಗೆ
ಎರಡೂ ತುದಿಗೆ ಬಿಳಿಗೂದಲು,
ಮುದುಕರ ಹುಬ್ಬಿನ ಹಾಗೆ.

ಕಾಫಿ ಡಬ್ಬದಲ್ಲಿ ಮೊಳೆಯಿತು.
ಗಡಾರಿಯಲ್ಲಿ ಸುಣ್ಣಗಲ್ಲು ಒಡೆದು ನೆಟ್ಟೆವು.
ಎರಡು ಬೇಸಿಗೆ ನೀರು ಕೊಟ್ಟೆ, ಮೂರನೆಯದಕ್ಕೆ ಕೊಡಲಿಲ್ಲ.
ನಿನ್ನಜ್ಜ ರಾತ್ರಿ ಎದ್ದು ಕದ್ದು ಹೊಯ್ಯುತ್ತಿದ್ದ.
ಬೆಳಿಗ್ಗೆ ಬುಡ ಒದ್ದೆ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಆ ವರ್ಷ ಒಂದು ಹೂವಿಲ್ಲ. ಬರೀ ಉದ್ದಕ್ಕೆ ಹೋಯಿತು,
ನಿನ್ನ ಹಾಗೆ.

ಆರನೇ ಚಳಿಗಾಲ. ನನಗೆ ಬೇಕಿದ್ದುದು ಮೂರು ಕಾಂಡ,
ಚೆನ್ನಾಗಿ ಹರಡಿ ನಿಂತ ಮೂರೇ ಮೂರು.
ಉಳಿದ ಐದಕ್ಕೆ ಕೆಂಪು ನೂಲು ಕಟ್ಟಿ ಕೆಲಸಕ್ಕೆ ಹೋದೆ.
ನನ್ನ ಲೆಕ್ಕದಲ್ಲಿ ನೂಲೆಂದರೆ, ತೆಗೆ.
ಎವರಾರ್ದೋನ ಲೆಕ್ಕವೇ ಬೇರೆ:
ಅವರಮ್ಮ ನೂಲು ಕಟ್ಟುತ್ತಿದ್ದುದು
ಮಾರಬಾರದ ಕೋಳಿಗಳ ಕಾಲಿಗೆ.

ಸಂಜೆ ಬಂದರೆ ಮೂರು ಒಳ್ಳೆಯವೂ ನೆಲದ ಮೇಲೆ.
ಸೊಟ್ಟ ಐದು, ಕೆಂಪು ಕಟ್ಟಿಕೊಂಡು,
ಮದುವೆಗೆ ಹೊರಟವರ ಹಾಗೆ ನಿಂತಿದ್ದವು.
ಈಸ್ಟರ್ ಕಳೆಯುವ ತನಕ ನಾನು ಮಾತಾಡಲಿಲ್ಲ.

ಇದು ಹೂ ಬಿಡುವುದು ಹೊಸ ಚಿಗುರಿನ ತುದಿಗೇ, ಮಗ.
ಮೇ ತಿಂಗಳಲ್ಲಿ ಆ ಐದರ ತುಂಬ
ತಿಳಿನೇರಳೆ ಗಂಟೆಗಳು, ಗಂಟಲೊಳಗೆ ಹಳದಿ ಗೀರು;
ಹೊಕ್ಕ ದುಂಬಿಯ ಅಂಡು ಮಾತ್ರ ಹೊರಗೆ.
ಎಲ್ಲಕ್ಕಿಂತ ಸೊಟ್ಟದ್ದು ಬೇಲಿ ದಾಟಿ
ಬಸ್ಸಿನ ಬೆಂಚಿಗೆ ನೆರಳಾಯಿತು.
ಯಾರು ಯಾರೋ ಕೂತು ಹೋದರು. ಯಾರೂ
ಮೂರು ಕಾಂಡ ಯಾಕಿಲ್ಲ ಅಂತ ಕೇಳಲಿಲ್ಲ.

ಸರಿ, ಗರಗಸ ತಗೋ.
ಕೊಂಬೆಯ ಬುಡದಲ್ಲಿ ಬಳೆಯಂಥ ಉಬ್ಬಿದೆಯಲ್ಲ,
ಅದನ್ನು ಬಿಟ್ಟು ಕೊಯ್ಯಿ. ಬಳೆ ಮುಟ್ಟಿದರೆ ಗಾಯ ಮಾಯುವುದಿಲ್ಲ.
ನೆತ್ತಿಯನ್ನು ಮಾತ್ರ ಬೋಳಿಸಬೇಡ, ಆಚೆಮನೆ ಡ್ವೇನ್ ಬೋಳಿಸಿದ ಹಾಗೆ.

ನೂಲು ಕಟ್ಟಿದ್ದನ್ನೇ? ತೆಗೆಯುವುದೋ ಉಳಿಸುವುದೋ?
ತಡಿ, ನೆನಪಾಗುತ್ತಿಲ್ಲ. ಈ ಸಲ ಕಟ್ಟಿದ್ದು ನಾನೋ ಅವನೋ.
ಹಿಂದೆ ತಿರುಗಬೇಡ, ಕಿಟಕಿಯಲ್ಲಿದ್ದಾನೆ.
ಬಗ್ಗಿ ಬುಡ ಮುಟ್ಟಿ ನೋಡು.

ಒದ್ದೆಯೇ?