ಗಂಗಾಳ, ಘಂಗಾಳ

ಪುಣೆಯ ಕಸಬಾ ಪೇಟೆ, ತಾಂಬಟ ಆಳಿ.
ಬೆಳಿಗ್ಗೆ ಎಂಟಕ್ಕೇ ಓಣಿಯ ಮಾತು ನಿಲ್ಲುತ್ತಿತ್ತು,
ಆಮೇಲೆ ಏನಿದ್ದರೂ ಸುತ್ತಿಗೆ.
ನಾನು ವಡಕೆಯವರ ಪಡಸಾಲೆಯಲ್ಲಿ ಕೂತು
ಗೋಕಾಕ, ನಿಪ್ಪಾಣಿ, ಅಥಣಿಯ ಅಂಗಡಿಗಳಿಗೆ
ಕನ್ನಡದಲ್ಲಿ ದರಪಟ್ಟಿ ಬರೆಯುತ್ತಿದ್ದೆ.
ಸಾಲಿಗೆ ನಾಲ್ಕಾಣೆ.
ತಿದ್ದಿ ಬರೆದ ಸಾಲಿಗೆ ಏನೂ ಇಲ್ಲ.

ಮೊದಲ ಜಗಳ ಹಂಡೆಯದು.
ನಾನು ಹಂಡೆ ಅಂದರೆ
ಸದಾನಂದ ವಡಕೆ ತಲೆ ಎತ್ತಿ, ಎಷ್ಟು? ಅನ್ನುವರು.
ಅವರಲ್ಲಿ ಒಂದಾದರೆ ಹಂಡಾ, ಹಲವಾದರೆ ಹಂಡೆ.
ನಮ್ಮ ಬಚ್ಚಲೊಲೆಯ ಮೇಲೆ ಮಸಿ ಹಿಡಿದು
ಮುತ್ತಜ್ಜಿಯ ಕಾಲದಿಂದ ಒಂದೇ ಆಗಿ ಕೂತದ್ದು
ನೀರಾ ನದಿ ದಾಟಿದ್ದೇ ಗುಂಪಾಗಿಬಿಟ್ಟಿತು.
ಹಾಗಾದರೆ ಅವರ ಹಂಡೆಗೆ ನಾನು ಗಳು ಹಚ್ಚಲೇ?
ಅದು ಕಲಾಯಿಯ ಮೇಲೆ ಕಲಾಯಿ.
ಹಂಡಾಗಳು ಅನ್ನಲೇ?
ಅದು ಯಾರ ಮನೆಯ ಪಾತ್ರೆಯೂ ಅಲ್ಲ.
ಕೊನೆಗೆ ಎಣಿಕೆ ಮುಂದಿಟ್ಟು ಬರೆದೆ: ಆರು ಹಂಡೆ.
ಎಣಿಸಿ ಕೊಟ್ಟ ಮೇಲೆ ಗಳು ಯಾತಕ್ಕೆ,
ಅಂಗಡಿಯವ ನಂಬುವುದು ಆರನ್ನು.

(ಆ ಆರಕ್ಕೆ ಕೊಡದ ಬಹುವಚನವನ್ನು
ಒಬ್ಬರೇ ಒಬ್ಬ ವಡಕೆಗೆ ಕೊಟ್ಟೆ: ಅವರು.
ಲೆಕ್ಕ ತಪ್ಪಲಿಲ್ಲ.)

ಆಮೇಲೆ ಮಠಾರ, ತಾಮ್ರದ ಮೈತುಂಬ ಬೀಳುವ ಆ ಸಾಲು ಪೆಟ್ಟು.
ಮಟಾರ ಎಂದು ಬರೆದು ಹಾಗೇ ಓದಿದ್ದೆ.
'ಮೊಂಡಾಯಿತು ಬಾಯಿ,
ಉಸಿರು ಬಿಟ್ಟು ಹೊಡಿ' ಅಂದರು.
ಹೊಡೆದು ಹಾಕಿ, ಠ ಬರೆದೆ.
ಕನ್ನಡದ ಒಂದಕ್ಷರ ಬಾರದ ಮನುಷ್ಯ
ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.
ಒಂದು ದುಂಡು, ನಡುವೆ ಒಂದು ಚುಕ್ಕೆ,
ಅವರ ಸುತ್ತಿಗೆ ತಾಮ್ರದಲ್ಲಿ ಬಿಟ್ಟು ಏಳುವುದೂ ಅದನ್ನೇ.
ನನ್ನ ಪೆನ್ನು ಕಸಿದುಕೊಂಡು ಪಟ್ಟಿಯ ಅಂಚಿಗೆ
ಠ ಠ ಠ ಠ ಠ ಠ ಠ
ಒಂದಕ್ಕೊಂದು ತಾಗದೆ, ಎಡೆಯೂ ಬಿಡದೆ.
ಅವರು ಕಲಿತ ಕನ್ನಡ ಅಷ್ಟೇ.
ನನಗೆ ಅಷ್ಟು ಸಾಲಾಗಿ ಇವತ್ತಿಗೂ ಬರೆಯಲು ಬಾರದು.

ಇಷ್ಟು ಉಸಿರು ಕಲಿಸಿದವರೇ
ಗೋಕಾಕದ ಈರಪ್ಪ ಕಂಚಗಾರರ ಕಾರ್ಡಿಗೆ ಮೋಸ ಹೋದರು.
'ಗಂಗಾಳ ಹನ್ನೆರಡು. ಲಗ್ನ ಐತಿ, ಲಗೂ ಕಳಿಸ್ರಿ.'
ಸುತ್ತಿಗೆಯ ಸದ್ದಿನೊಳಗೇ ಓದಿ ಹೇಳಿದೆ.
ನನ್ನ ಬಾಯಿಂದ ಗ ಆಗಿ ಹೊರಟದ್ದು
ದಾರಿಯಲ್ಲಿ ಎಲ್ಲಿಂದಲೋ ಉಸಿರು ತುಂಬಿಕೊಂಡು
ಅವರ ಕಿವಿಯಲ್ಲಿ ಘ ಆಗಿ ಇಳಿಯಿತು.
ಆ ವಾರ ನನಗೆ ಜ್ವರ.
ಎದ್ದು ಬಂದಾಗ ಲಾರಿ ಸಾತಾರಾ ದಾಟಿತ್ತು.
ಕುಮುದಿನಿಬಾಯಿ ಚಹಾ ಕೊಡುತ್ತ ಕೇಳಿದರು:
'ಮನೆಯೊಂದಕ್ಕೆ ಹನ್ನೆರಡು ಘಂಗಾಳ!
ನಿಮ್ಮ ಕಡೆಯ ಜನ ಅಷ್ಟು ಜಳಕ ಮಾಡುತ್ತಾರಾ?'

ಬಸಿ ಕೈಯಲ್ಲೇ ಉಳಿಯಿತು.
ನಮ್ಮ ಗಂಗಾಳ ಉಣ್ಣುವ ತಾಟು.
ಅವರ ಘಂಗಾಳ, ಎರಡು ಕಿವಿಯ,
ಕೂಸನ್ನು ಕೂರಿಸಿ ಮೀಯಿಸುವಷ್ಟು ಅಗಲದ ನೀರಿನ ಪಾತ್ರೆ.

ಹದಿನೈದು ದಿನಕ್ಕೆ ಉತ್ತರ ಬಂತು:
'ಅಕ್ಕಾರ, ಹನ್ನೊಂದ್ರಾಗ ಹುಗ್ಗಿ, ಸಾರು, ಅನ್ನ ತುಂಬಿ ಬಡಿಸಿದ್ವಿ.
ಒಂದ್ರಾಗ ಮದುಮಗನ ಕಾಲು ತೊಳದ್ವಿ.
ಉಂಡದ್ದು ಎಲಿ ಮ್ಯಾಲ.
ರೊಕ್ಕ ಮಾತ್ರ ಗಂಗಾಳದ್ದ ಕೊಡ್ತೀನಿ, ನಾ ಬರದದ್ದು ಅದ.'
ಅವತ್ತಿನಿಂದ ನನ್ನ ಪತ್ರಗಳಲ್ಲಿ
ಈರಪ್ಪ ಏಕವಚನ.

ವಡಕೆಯವರು ನನ್ನ ಕೂಲಿ ಹಿಡಿಯಲಿಲ್ಲ, ಬೈಯಲೂ ಇಲ್ಲ.
ಮುಂದಿನ ಕಾರ್ಡು ಓದಲು ನಾನು ಕನ್ನಡಕ ಏರಿಸಿದಾಗ
ಸುತ್ತಿಗೆ ಕೆಳಗಿಟ್ಟರು,
ಹತ್ತು ಗಂಟೆಯ ಭರ್ತಿ ಕೆಲಸದ ಹೊತ್ತಿನಲ್ಲಿ.
ಎದುರು ಮನೆಯವರು ಕಿಟಕಿ ತೆರೆದು ಇಣುಕಿದರು,
ಯಾರು ತೀರಿಕೊಂಡರು ಅಂತ.